ಪಿಕಪ್ ಟೆಂಟ್: ಮಲೆನಾಡಿನ ಗಾಡಿಗೆ, ಮಲೆನಾಡಿನ ಮಳೆಗೆ

ಪಿಕಪ್ ಗಾಡಿಯ ಹಿಂದಿನ ಬಾಡಿಯ ಮೇಲೆ ಕಟ್ಟಿ ಮಲಗುವ ಟೆಂಟ್ ನಮ್ಮ ಗಾಡಿಗಳ ಅಳತೆ ನೋಡಿ ಹೊಲಿದದ್ದಲ್ಲ. ಅಮೆರಿಕದಲ್ಲಿ ಶಿಕಾರಿಗೆ, ಗಾಳ ಹಾಕಲು ದೂರದ ಕಾಡಿಗೆ ಹೋಗುವವರಿಗೆಂದು ಬಂದ ಸಾಮಾನು ಅದು. ಅಲ್ಲಿನ ಬಾಡಿಗಳ ಉದ್ದ 5, 5.5, 6, 6.5, 8 ಅಡಿ ಎಂದು ಗೊತ್ತುಪಡಿಸಿದ್ದು. ಟೆಂಟ್‌ಗಳೂ ಅದೇ ಲೆಕ್ಕದಲ್ಲಿ ಬರುತ್ತವೆ. ಸಕಲೇಶಪುರದ ತೋಟದ ಬೊಲೆರೊ ಕ್ಯಾಂಪರ್‌ಗೆ ಇದನ್ನು ತಂದು ಹಾಕಿದರೆ ಎಲ್ಲೋ ಒಂದು ಕಡೆ ಬಟ್ಟೆ ಜೋಲುತ್ತದೆ, ಜೋತಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ರಾತ್ರಿ ಎರಡು ಗಂಟೆಗೆ ಮುಖದ ಮೇಲೆ ಇಳಿಯುತ್ತದೆ. ಹಾಗಾಗಿ ಇಲ್ಲಿ ಟೆಂಟ್ ಆರಿಸುವ ಕೆಲಸ ಅಂಗಡಿಯಲ್ಲಲ್ಲ, ಶೆಡ್ಡಿನಲ್ಲಿ ಗಾಡಿಯ ಹಿಂದೆ ಟೇಪು ಹಿಡಿದು ಶುರುವಾಗಬೇಕು.

ಶಿಕಾರಿಯ ಮಾತು ಮೊದಲೇ ಮುಗಿಸೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಶಿಕಾರಿ ಅಪರಾಧ. ಕಾಡುಹಂದಿ, ಮೊಲವೆಂದರೂ ವಿನಾಯಿತಿ ಇಲ್ಲ. ಬೆಳೆ ರಕ್ಷಣೆಗೆ ಲೈಸೆನ್ಸ್ ಕೋವಿ ಇರುವವರು ಅದನ್ನು ಟೆಂಟಿನ ಜೊತೆ ಗಾಡಿಗೆ ಹಾಕಿಕೊಂಡು ಕಾಡಂಚಿನಲ್ಲಿ ರಾತ್ರಿ ತಂಗಿದರೆ, ಚೆಕ್‌ಪೋಸ್ಟಿನಲ್ಲಿ ಯಾವ ವಿವರಣೆಯೂ ನಡೆಯದು. ಮೀಸಲು ಅರಣ್ಯದೊಳಗೆ ಅಪ್ಪಣೆಯಿಲ್ಲದೆ ತಂಗುವುದೂ ಇಲ್ಲ. ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಕುದುರೆಮುಖ ರಾಷ್ಟ್ರೀಯ ಉದ್ಯಾನ, ಬಿಸಿಲೆ ಕಾಡಿನ ರಸ್ತೆಬದಿ, ಮುಳ್ಳಯ್ಯನಗಿರಿ ಸಾಲು, ಇವೆಲ್ಲ ಹಗಲು ನೋಡಿ ಬರುವ ಜಾಗಗಳು. ಪಿಕಪ್ ಟೆಂಟಿಗೆ ಒಗ್ಗುವುದು ಸ್ವಂತ ತೋಟ, ನೆಂಟರ ತೋಟ, ಒಡೆಯರು ಒಪ್ಪಿದ ಹಕ್ಕಲು, ಇಲ್ಲವೇ ಕ್ಯಾಂಪಿಗೆ ಜಾಗ ಕೊಡುವ ಎಸ್ಟೇಟ್. ಹಕ್ಕಿ ನೋಡುವವರಿಗೆ, ಗದ್ದೆ ಕಾಯುವವರಿಗೆ, ಕಟಾವಿನ ದಿನಗಳಲ್ಲಿ ದೂರದ ತೋಟದಲ್ಲಿ ಉಳಿಯಬೇಕಾದವರಿಗೆ ಇದು ನಿಜಕ್ಕೂ ಕೆಲಸಕ್ಕೆ ಬರುವ ವಸ್ತು. ಕಾರಣ ಸರಳ: ನೆಲದಿಂದ ಎರಡೂವರೆ, ಮೂರು ಅಡಿ ಮೇಲೆ ಮಲಗುತ್ತೀರಿ. ಇಂಬಳ, ಹಾವು, ಕೆಸರು ಕೆಳಗೇ ಉಳಿಯುತ್ತವೆ.

ಈಗ ಅಳತೆ. ಹಿಂದಿನ ಡೋರ್ ಮುಚ್ಚಿ, ಕ್ಯಾಬಿನ್ ಕಡೆಯ ಗೋಡೆಯಿಂದ ಡೋರಿನ ಒಳಮೈವರೆಗೆ ನೆಲದ ಮಟ್ಟದಲ್ಲಿ ಅಳೆಯಿರಿ. ಡೋರ್ ಇಳಿಸಿ ಅದರ ತುದಿಯವರೆಗೆ ಇನ್ನೊಮ್ಮೆ. ಆಮೇಲೆ ಅಗಲ, ಎರಡು ಸಲ: ಮೇಲಂಚಿನಲ್ಲಿ ಒಂದು, ಚಕ್ರದ ಉಬ್ಬುಗಳ ನಡುವೆ ಒಂದು. ಕೊನೆಗೆ ಬದಿಯ ಹಲಗೆಯ ಎತ್ತರ. ಈ ಐದು ಅಂಕಿಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳದೆ ಯಾವ ಟೆಂಟಿನ ಬೆಲೆಯನ್ನೂ ಕೇಳಬೇಡಿ. ಗಾಡಿಯ ಪುಸ್ತಕದಲ್ಲಿರುವ ಅಂಕಿ ನಂಬಿ ತರಿಸುವುದೂ ಬೇಡ. ಒಳಗೆ ಲೈನರ್ (ತಗಡಿಗೆ ಗೀರು ಬೀಳದಂತೆ ಕೂರಿಸುವ ಪ್ಲಾಸ್ಟಿಕ್ ಪದರ) ಹಾಕಿಸಿದ್ದರೆ, ಕ್ಯಾಬಿನ್ ಹಿಂದೆ ಪೈಪಿನ ಗಾರ್ಡ್ ಕೂರಿಸಿದ್ದರೆ ಎರಡು ಮೂರು ಇಂಚು ಅಲ್ಲೇ ಹೋಗಿರುತ್ತದೆ.

ನಮ್ಮ ಕಡೆ ಓಡುವ ಪಿಕಪ್‌ಗಳು ಟೆಂಟಿನ ದೃಷ್ಟಿಯಿಂದ ಮೂರು ಜಾತಿ. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಮೊದಲನೆಯದು: ತೊಟ್ಟಿಯಂಥ ಬಾಡಿ, ಉದ್ದ ಸುಮಾರು ಐದು ಅಡಿ, ಒಳಗೆ ಚಕ್ರದ ಉಬ್ಬು. ಆಮದಾಗುವ ಟೆಂಟ್‌ಗಳಲ್ಲಿ 5 ಅಡಿಯ ಮಿಡ್‌ಸೈಜ್ ಎಂದು ಬರೆದಿರುವುದು ಇವಕ್ಕೆ ಹೆಚ್ಚುಕಡಿಮೆ ಕೂರುತ್ತದೆ. ಎರಡನೆಯದು ಬೊಲೆರೊ ಕ್ಯಾಂಪರ್: ಐದು ಅಡಿಗೂ ಸ್ವಲ್ಪ ಕಡಿಮೆ ಉದ್ದ, ಆದರೆ ಚಕ್ರದ ಮೇಲೆಯೇ ಹಾಸಿದ ಚಪ್ಪಟೆ ನೆಲ, ಐದೂವರೆ ಅಡಿ ಹತ್ತಿರದ ಅಗಲ. ಅಡ್ಡಡ್ಡ ಮಲಗಬಹುದಾದ ಗಾಡಿ ಇದು. ಐದು ಅಡಿ ಐದು ಇಂಚಿಗಿಂತ ಕುಳ್ಳಗಿದ್ದವರಿಗೆ ಹಿಂದಿನ ಡೋರ್ ತೆಗೆಯುವ ಗೋಜೂ ಇಲ್ಲ. ಮೂರನೆಯದು ಸಿಂಗಲ್ ಕ್ಯಾಬಿನ್ ಬೊಲೆರೊ ಪಿಕಪ್, ಟಾಟಾ ಯೋಧದಂಥ ಸರಕಿನ ಗಾಡಿಗಳು. ಎಂಟು ಅಡಿ ಮತ್ತು ಅದಕ್ಕೂ ಮೇಲೆ ಉದ್ದ. ಜಾಗ ಧಾರಾಳ, ಆದರೆ ತಯಾರಾಗಿ ಬಂದ ಟೆಂಟ್ ಹಿಡಿಯಲು ಬೇಕಾದ ಬಾಗಿದ ಅಂಚು ಇವಕ್ಕೆ ಇರುವುದಿಲ್ಲ.

ಈ ಅಂಚಿನ ವಿಷಯವನ್ನು ಕೊಳ್ಳುವವರು ಮರೆಯುವುದೇ ಹೆಚ್ಚು. ಅಮೆರಿಕದ ಟೆಂಟ್‌ಗಳಲ್ಲಿ ಆರೋ ಎಂಟೋ ಪಟ್ಟಿಗಳಿರುತ್ತವೆ. ತುದಿಯಲ್ಲಿ ಪ್ಲಾಸ್ಟಿಕ್ ಲೇಪದ ಕೊಕ್ಕೆ. ಚಕ್ರದ ಕಮಾನಿನ ಒಳತುಟಿಗೋ ಬಂಪರಿನ ಅಡಿಗೋ ಸಿಕ್ಕಿಸಿ ಎಳೆಯಬೇಕು. ಮೂರೂ ಕಡೆ ಬಿಚ್ಚುವ ಹಲಗೆಯ ಬಾಡಿಗೆ ಅಂಥ ತುಟಿ ಎಲ್ಲಿಂದ ಬರಬೇಕು? ಲೋಡಿಗೆ ಹಗ್ಗ ಕಟ್ಟುವ ಕೊಕ್ಕೆಗಳಿದ್ದರೆ ಅವಕ್ಕೇ ಹಾಕಿ. ಇಲ್ಲದಿದ್ದರೆ ಬಾಡಿಯ ಅಡ್ಡಪಟ್ಟಿಗಳಿಗೆ ಬದಿಗೆ ಮೂರರಂತೆ 8 ಮಿ.ಮೀ. ಐ-ಬೋಲ್ಟ್ ಕೂರಿಸಿದರೆ ಅರ್ಧ ಗಂಟೆಯ ಕೆಲಸ. ಪಟ್ಟಿ ಎಳೆಯುವಾಗ ಸೈಲೆನ್ಸರ್ ಪೈಪು ಯಾವ ಬದಿ ಎಂದು ಬಗ್ಗಿ ನೋಡಿ. ಘಾಟಿ ಹತ್ತಿ ಬಂದ ಗಾಡಿಯ ಪೈಪಿಗೆ ನೈಲಾನ್ ಪಟ್ಟಿ ತಾಗಿದರೆ ನಿಮಿಷದಲ್ಲಿ ಕರಗಿ ಅಂಟುತ್ತದೆ. ಒಂದು ಅಡಿ ಅಂತರ ಇರಲಿ, ಅಥವಾ ಗಾಡಿ ಆರುವವರೆಗೆ ಆ ಪಟ್ಟಿ ಬಿಟ್ಟು ಬೇರೆ ಕೆಲಸ ಮಾಡಿ. ವಿ-ಕ್ರಾಸಿಗೆ ಸ್ಟೈಲಿಗೆಂದು ಹಾಕಿಸುವ ರೋಲ್ ಬಾರ್ ಟೆಂಟಿನ ಕಮಾನಿಗೆ ಸರಿಯಾಗಿ ಅಡ್ಡ ಬರುತ್ತದೆ. ಅದನ್ನು ಬಿಚ್ಚಲು ಮನಸ್ಸಿಲ್ಲದಿದ್ದರೆ ಟೆಂಟಿನ ಆಸೆ ಬಿಡಿ. ಅಂಚಿನ ಮೇಲೆ ಮಡಚಿ ಬರುವ ಲೈನರ್ ಇದ್ದರೂ ಇದೇ ತೊಂದರೆ, ಪಟ್ಟಿ ಜಾರುತ್ತದೆ.

ನೆಲ ಇರುವ ಟೆಂಟೋ, ನೆಲವಿಲ್ಲದ್ದೋ? ನೇಪಿಯರ್ ಕಂಪನಿಯವು ನೆಲ ಹೊಲಿದೇ ಬರುತ್ತವೆ. ರೈಟ್‌ಲೈನ್ ಗೇರಿನವಕ್ಕೆ ನೆಲವಿಲ್ಲ. ನೆಲವಿಲ್ಲದ್ದರ ಲಾಭವೆಂದರೆ ಬಾಡಿಯಲ್ಲಿರುವ ಸಾಮಾನು ಇಳಿಸದೆ ಮೇಲಿಂದಲೇ ಕಟ್ಟಬಹುದು. ಒಣ ಸೀಮೆಗೆ ಅದು ಸರಿ. ಮೂಡಿಗೆರೆ, ಕೊಟ್ಟಿಗೆಹಾರದ ಕಡೆಗೆ ನೆಲ ಇರುವುದನ್ನೇ ತೆಗೆದುಕೊಳ್ಳಿ, ಎರಡನೇ ಮಾತಿಲ್ಲ. ಹಿಂದಿನ ಡೋರ್ ಇಳಿಸಿದಾಗ ಬಾಡಿಗೂ ಡೋರಿಗೂ ನಡುವೆ ಅರ್ಧದಿಂದ ಒಂದು ಇಂಚಿನ ಸಂದು ಬೀಳುತ್ತದೆ. ನೆಲಕ್ಕೆ ಬಡಿದ ಮಳೆ ಅಲ್ಲಿಂದ ಸಿಡಿಯುತ್ತದೆ, ತಣ್ಣನೆ ಗಾಳಿ ಏರುತ್ತದೆ, ಇರುವೆ, ಹುಳ, ಸೊಳ್ಳೆ ಎಲ್ಲಕ್ಕೂ ಅದೇ ಹೆಬ್ಬಾಗಿಲು. ಕೈಯಲ್ಲಿ ಈಗಾಗಲೇ ನೆಲವಿಲ್ಲದ ಟೆಂಟ್ ಇದ್ದರೆ, ದನದ ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಮ್ಯಾಟಿನ ಒಂದು ಅಡಿ ಅಗಲದ ಪಟ್ಟಿ ಕತ್ತರಿಸಿ ಸಂದಿನ ಮೇಲೆ ಮಲಗಿಸಿ. ಭಾರಕ್ಕೆ ಅದು ತಾನೇ ಕೂರುತ್ತದೆ.

ಬಟ್ಟೆಯ ಮೇಲೆ 1500 ಮಿ.ಮೀ., 3000 ಮಿ.ಮೀ. ಎಂದು ಬರೆದಿರುತ್ತದೆ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಅದು ಜಿನುಗದೆ ತಡೆಯುತ್ತದೆ ಎಂಬ ಲೆಕ್ಕ. ಸಾಧಾರಣ ಮಳೆಗೆ 1500 ಸಾಕು. ಇಲ್ಲಿ ಅಕ್ಟೋಬರಿನ ಹಿಂಗಾರು, ಏಪ್ರಿಲ್ ಸಂಜೆಯ ಗುಡುಗು ಮಳೆ ಲೆಕ್ಕಕ್ಕೆ ಹಿಡಿದರೆ ಮೇಲ್ಹೊದಿಕೆಗೆ 3000, ನೆಲಕ್ಕೆ 5000 ಇರಬೇಕು. ನೆಲಕ್ಕೆ ಹೆಚ್ಚು ಯಾಕೆಂದರೆ ಮೊಣಕಾಲು, ಮೊಣಕೈ ಊರಿದಾಗ ಒತ್ತಡ ಒಂದೇ ಬಿಂದುವಿಗೆ ಬೀಳುತ್ತದೆ. ಹೊಲಿಗೆಯ ಮೇಲೆ ಒಳಗಡೆಯಿಂದ ಟೇಪ್ ಅಂಟಿಸಿದ್ದಾರೋ ನೋಡಿ. ಬಟ್ಟೆ ಎಷ್ಟೇ ಗಟ್ಟಿಯಿರಲಿ, ಸೂಜಿ ಚುಚ್ಚಿದಲ್ಲೆಲ್ಲ ತೂತಿದೆ.

ನೈಲಾನಿಗಿಂತ ಪಾಲಿಯೆಸ್ಟರ್ ಒಳ್ಳೆಯದು; ನೈಲಾನ್ ನೆನೆದರೆ ಹಿಗ್ಗಿ ಸಡಿಲವಾಗುತ್ತದೆ, ಬಿಸಿಲಿಗೂ ಬೇಗ ಸಾಯುತ್ತದೆ. ಹತ್ತಿಯ ಕ್ಯಾನ್ವಾಸ್ ಒಳಗೆ ಉಸಿರಾಡಲು ಹಿತ, ಗಾಳಿಗೆ ಪಟಪಟ ಅನ್ನುವುದಿಲ್ಲ, ಕಿಡಿ ಬಿದ್ದರೂ ಪಾಲಿಯೆಸ್ಟರ್‌ನಂತೆ ತಕ್ಷಣ ತೂತಾಗುವುದಿಲ್ಲ. ಆದರೆ ಪಾಲಿಯೆಸ್ಟರ್ ಟೆಂಟಿನ ತೂಕ ಆರರಿಂದ ಹತ್ತು ಕೆ.ಜಿ. ಇದ್ದರೆ ಕ್ಯಾನ್ವಾಸಿನದು ಅದರ ಎರಡು ಪಟ್ಟು, ಮೂರು ಪಟ್ಟು. ಜೊತೆಗೆ ಮಲೆನಾಡಿನ ತೇವಕ್ಕೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಒಣಗಿಸಲು ವಿಶಾಲ ಕಣವೂ ಬಿಡುವೂ ಇರುವವರು ಮಾತ್ರ ಆ ಕಡೆ ನೋಡಿ.

ಮೇಲ್ಹೊದಿಕೆ ಟೆಂಟಿನ ತಲೆಗೆ ಮಾತ್ರ ಟೋಪಿಯಂತೆ ಕೂತಿದೆಯೋ, ಬದಿಯಲ್ಲಿ ಗಾಡಿಯ ಅಂಚು ದಾಟಿ ಕೆಳಗಿಳಿಯುತ್ತದೋ ಎಂಬುದನ್ನು ಚಿತ್ರದಲ್ಲೇ ಕಂಡುಹಿಡಿಯಬಹುದು. ಟೋಪಿಯಂಥದ್ದು ಬೇಡ. ಇಲ್ಲಿ ಮಳೆ ನೆಟ್ಟಗೆ ಬೀಳುವುದು ಕಡಿಮೆ; ಚಾರ್ಮಾಡಿ, ದೇವರಮನೆ ಕಡೆ ಗಾಳಿಯ ಜೊತೆ ಅಡ್ಡಕ್ಕೇ ಬರುತ್ತದೆ.

ಮಳೆಗಾಲ ಮುಗಿದ ಮೇಲೂ ನೀರಿನ ಕಾಟ ತಪ್ಪದು. ಡಿಸೆಂಬರ್, ಜನವರಿಯ ಬೆಳಗಿನ ಜಾವ ಇಬ್ಬನಿ ಸುರಿಯುವ ಹೊತ್ತಿಗೆ ಟೆಂಟಿನ ಒಳಮೈ ಒದ್ದೆಯಾಗಿದ್ದರೆ ಅದು ಸೋರಿಕೆಯಲ್ಲ. ಇಬ್ಬರು ಉಸಿರಾಡಿದ ಆವಿ ತಣ್ಣನೆ ಬಟ್ಟೆಗೆ ತಾಗಿ ನೀರಾಗಿದ್ದು. ಚಳಿಯೆಂದು ಎಲ್ಲ ಜಿಪ್ ಬಿಗಿದು ಮಲಗಿದಷ್ಟೂ ಇದು ಜಾಸ್ತಿ. ಎದುರುಬದುರು ಎರಡು ಕಿಟಕಿ, ಅದರಲ್ಲೊಂದು ಮೇಲ್ಭಾಗದಲ್ಲಿ, ಇರುವ ಟೆಂಟ್ ಆರಿಸಿ, ಎರಡನ್ನೂ ನಾಲ್ಕು ಬೆರಳಷ್ಟು ತೆರೆದಿಡಿ. ಜಾಲರಿ ಸಣ್ಣ ಕಣ್ಣಿನದಾಗಿರಲಿ. ಸೊಳ್ಳೆ ತಡೆಯುವ ಜಾಲರಿಯಲ್ಲಿ ನುಸಿ ಸಲೀಸಾಗಿ ನುಸುಳುತ್ತದೆ. ಗಾಡಿಯ ತಗಡು ಕೂಡ ಕೆಳಗಿನಿಂದ ಮೈಯ ಕಾವು ಹೀರುತ್ತದೆ, ಅದರ ಮೇಲೂ ನೀರು ಕೂರುತ್ತದೆ. ಹಾಸಿಗೆಗೆ ಮೊದಲು 10-12 ಮಿ.ಮೀ. ದಪ್ಪದ ಫೋಮ್ ಶೀಟ್ ಹಾಸಿ. ಗಾಳಿ ತುಂಬುವ ಹಾಸಿಗೆಯನ್ನು ನೇರವಾಗಿ ತಗಡಿನ ಮೇಲೆ ಹಾಕಿದವರು ನಡುರಾತ್ರಿ ಎದ್ದು ಕ್ಯಾಬಿನ್ ಸೀಟಿಗೆ ಹೋಗುವುದು ಖಾತ್ರಿ, ಅದರೊಳಗಿನ ಗಾಳಿಯೇ ತಣ್ಣಗಾಗಿಬಿಡುತ್ತದೆ.

ವಿ-ಕ್ರಾಸ್, ಹೈಲಕ್ಸಿನಲ್ಲಿ ಇಬ್ಬರಿಗೆಂದು ಬರೆದ ಟೆಂಟಿನಲ್ಲಿ ಇಬ್ಬರು ಮಲಗುವುದು ಚಕ್ರದ ಉಬ್ಬುಗಳ ನಡುವಿನ ಜಾಗದಲ್ಲಿ, ಅಂದರೆ ಮೂರೂವರೆ ನಾಲ್ಕು ಅಡಿಯಲ್ಲಿ. ಉಬ್ಬಿನ ಎತ್ತರಕ್ಕೆ ಸರಿಯಾಗಿ ಪ್ಲೈವುಡ್ ಹಲಗೆ ಎತ್ತರಿಸಿ ಹಾಸಿದರೆ ಪೂರ್ತಿ ಅಗಲ ಸಿಗುತ್ತದೆ, ಕೆಳಗೆ ಸಾಮಾನಿಗೂ ಜಾಗವಾಗುತ್ತದೆ. 18 ಮಿ.ಮೀ. ಪ್ಲೈ, ಎರಡು ತುಂಡು, ನಡುವೆ ಕೀಲು. ಆಗ ತಲೆಯ ಮೇಲಿನ ಜಾಗ ಅಷ್ಟು ಕಡಿಮೆಯಾಗುವುದರಿಂದ ಒಳ ಎತ್ತರ ಐದು ಅಡಿಗಿಂತ ಕಡಿಮೆ ಇರುವ ಟೆಂಟಿಗೆ ಈ ಉಪಾಯ ಹೊಂದದು.

ಎಂಟು ಅಡಿ ಬಾಡಿಯ ಸರಕಿನ ಗಾಡಿ ಇದ್ದವರು ಆಮದು ಟೆಂಟಿನ ಹಿಂದೆ ಬೀಳುವುದಕ್ಕಿಂತ ಊರಿನ ವೆಲ್ಡಿಂಗ್ ಶಾಪಿನಲ್ಲಿ ಹುಡ್ ಮಾಡಿಸುವುದೇ ಜಾಣತನ. ಎಂಟು ಅಡಿ ಉದ್ದ, ಐದೂವರೆ ಅಡಿ ಅಗಲದ ಬಾಡಿಗಾದರೆ ಲೆಕ್ಕ ಹೀಗೆ. ಮುಕ್ಕಾಲು ಇಂಚಿನ ಜಿಐ ಪೈಪು 20 ಅಡಿಯ ಉದ್ದದಲ್ಲಿ ಬರುತ್ತದೆ. ಎರಡು ಬದಿ ನೆಲದಿಂದ ನಾಲ್ಕು ಅಡಿ ನೆಟ್ಟಗೆ, ಅಲ್ಲಿಂದ ಬಾಗಿ ನಡುವೆ ಐದೂವರೆ ಅಡಿ ಎತ್ತರ ಬರುವಂತೆ ಬಗ್ಗಿಸಿದರೆ ಒಂದು ಕಮಾನಿಗೆ ಹದಿನಾಲ್ಕೂವರೆ ಅಡಿ ಮೀರಿ ಬೇಕು, ಅಂದರೆ ಒಂದು ಪೈಪಿಗೆ ಒಂದೇ ಕಮಾನು. ಎರಡು ಅಡಿ ಎಂಟು ಇಂಚಿಗೊಂದರಂತೆ ನಾಲ್ಕು ಕಮಾನು. ಮೇಲೆ ನಡುವೆ ಒಂದು, ಬದಿಗೊಂದು, ಹೀಗೆ ಮೂರು ಉದ್ದದ ಪೈಪು. ಉಳಿದ ತುಂಡುಗಳ ಜೊತೆಗೆ ಇನ್ನೊಂದು ಪೈಪು ತಂದರೆ ಅದಕ್ಕೂ ಸಾಕು. ಒಟ್ಟು ಐದು ಪೈಪು. ಕಮಾನನ್ನು ಬಾಡಿಗೆ ವೆಲ್ಡ್ ಮಾಡಿಸಬೇಡಿ. ಸಾಕೆಟ್ ಕೂರಿಸಿ ಬೋಲ್ಟ್ ಹಾಕಿಸಿ. ಕಾಫಿ ಮೂಟೆ ಹೇರುವ ದಿನ ಅದು ಕೈಯಲ್ಲಿ ಬಿಚ್ಚಿ ಬರಬೇಕು.

ಹೊದಿಕೆಗೆ ಅಡ್ಡ 16 ಅಡಿ, ಉದ್ದ 12 ಅಡಿಯ ಟಾರ್ಪಾಲು. ಬದಿಗೆ ಮುಕ್ಕಾಲು ಅಡಿಯಷ್ಟು ಹೊರಗೆ ಇಳಿಯಲಿಕ್ಕೆ, ಹಿಂದೆ ಮುಂದೆ ಎರಡೆರಡು ಅಡಿ ಚಾಚಲಿಕ್ಕೆ ಸರಿಹೋಗುತ್ತದೆ. ಕಣಕ್ಕೆ ಹಾಸುವ ಸಿಲ್ಪಾಲಿನ್ ಮನೆಯಲ್ಲೇ ಇದೆಯೆಂದರೆ ಅದನ್ನೇ ಬಳಸಬಹುದು, ತೆಳುವಾದದ್ದಲ್ಲ, 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಮೇಲಿನದು. ಅದು ಸ್ವಲ್ಪವೂ ಉಸಿರಾಡುವುದಿಲ್ಲ. ಆದ್ದರಿಂದ ಹಿಂದೆ ಮುಂದೆ ಪೂರ್ತಿ ಮುಚ್ಚದೆ ಅಲ್ಲಿ ಸೊಳ್ಳೆಪರದೆ ಬಟ್ಟೆ ಹೊಲಿಸಿ. ಪೈಪಿನ ತುದಿ, ಬೋಲ್ಟಿನ ತಲೆ ಟಾರ್ಪಾಲಿಗೆ ಉಜ್ಜುವ ಕಡೆ ಹಳೆಯ ಸೈಕಲ್ ಟ್ಯೂಬ್ ಸುತ್ತದಿದ್ದರೆ ಒಂದೇ ಪ್ರಯಾಣಕ್ಕೆ ತೂತು.

ತಂದ ಟೆಂಟನ್ನು ಮೊದಲು ಮನೆಯಂಗಳದಲ್ಲೇ ಕಟ್ಟಿ. ಕ್ರಮ ತಪ್ಪಿದರೆ ಬಟ್ಟೆ ತಿರುಚಿಕೊಳ್ಳುತ್ತದೆ: ಬಾಡಿ ಗುಡಿಸಿ, ಡೋರ್ ಇಳಿಸಿ, ನೆಲದ ಬಟ್ಟೆ ಹರಡಿ, ಕ್ಯಾಬಿನ್ ಕಡೆಯ ಎರಡು ಪಟ್ಟಿಯನ್ನು ಸಡಿಲವಾಗಿ ಸಿಕ್ಕಿಸಿ. ಆಮೇಲೆ ಕಡ್ಡಿಗಳನ್ನು ತೂರಿಸಿ ಎತ್ತಿ. ಕಡ್ಡಿಯನ್ನು ತಳ್ಳಬೇಕು, ಎಳೆದರೆ ಜೋಡಣೆ ಒಳಗೇ ಬಿಚ್ಚಿಕೊಳ್ಳುತ್ತದೆ. ಫೈಬರ್ ಕಡ್ಡಿ ಸೀಳಿದರೆ ಕೈಗೆ ಸಿಬಿರು ಏರುತ್ತದೆ. ದುಡ್ಡಿದ್ದರೆ ಅಲ್ಯೂಮಿನಿಯಂ ಕಡ್ಡಿಯದನ್ನೇ ತನ್ನಿ. ಎಲ್ಲ ನಿಂತ ಮೇಲೆ ಪಟ್ಟಿಗಳನ್ನು ಮೂಲೆಯಿಂದ ಎದುರು ಮೂಲೆಗೆ ಒಂದೊಂದಾಗಿ ಬಿಗಿಯಿರಿ, ಚಕ್ರದ ನಟ್ಟು ಬಿಗಿಯುವ ಹಾಗೆ. ಬಕಲ್ ಬಣ್ಣಕ್ಕೆ ತಾಗುವಲ್ಲಿ ಹಳೇ ಬನಿಯನ್ ತುಂಡು ಮಡಚಿಡಿ. ಮೊದಲ ಸಲ ಮುಕ್ಕಾಲು ಗಂಟೆ ಹಿಡಿಯಬಹುದು, ನಾಲ್ಕನೆಯ ಸಲಕ್ಕೆ ಕಾಲು ಗಂಟೆ.

ಕಟ್ಟಿದ ಮೇಲೆ ತೋಟದ ಪೈಪಿನಿಂದ ಇಪ್ಪತ್ತು ನಿಮಿಷ ನೀರು ಬಿಡಿ, ಮೇಲಿನಿಂದ ಹತ್ತು, ಬದಿಯಿಂದ ಹತ್ತು. ಒಳಗೆ ಕೂತವರು ನೋಡಬೇಕಾದದ್ದು ಡೋರಿನ ಎರಡು ಮೂಲೆ, ಪಟ್ಟಿ ಹೊಲಿದ ಜಾಗ, ಜಿಪ್ಪಿನ ಕೆಳತುದಿ. ಸೋರುವುದೆಲ್ಲ ಸಾಮಾನ್ಯವಾಗಿ ಅಲ್ಲೇ. ಹೊಲಿಗೆ ಮುಚ್ಚುವ ಅಂಟು ಕೊಳ್ಳುವಾಗ ಬಟ್ಟೆಯ ಲೇಪ ಕೇಳಿ ತನ್ನಿ. ಪಿಯು, ಅಂದರೆ ಪಾಲಿಯುರೆಥೇನ್ ಲೇಪಕ್ಕೆ ಯುರೆಥೇನ್ ಅಂಟು, ಸಿಲಿಕೋನ್ ಲೇಪಕ್ಕೆ ಸಿಲಿಕೋನ್ ಅಂಟು. ಅದಲುಬದಲಾದರೆ ಸಿಪ್ಪೆಯಂತೆ ಎದ್ದು ಬರುತ್ತದೆ.

ಜಾಗ ಆರಿಸುವಾಗ ಮೇಲೆ ನೋಡಿ, ಆಮೇಲೆ ಕೆಳಗೆ. ಸಿಲ್ವರ್ ಓಕ್, ಹಾಲುವಾಣದ ಕೊಂಬೆ ಗಾಳಿ ಇಲ್ಲದೆಯೂ ಮುರಿದು ಬೀಳುತ್ತವೆ. ಹಲಸಿನ ಮರದ ಕೆಳಗಂತೂ ಬೇಡವೇ ಬೇಡ. ಗಾಡಿಯ ಮೂತಿ ಗಾಳಿ ಬರುವ ಕಡೆಗೆ, ಕ್ಯಾಬಿನ್ ಒಂದು ಎಳೆ ಎತ್ತರಕ್ಕೆ ಇರಲಿ. ತಲೆ ಕ್ಯಾಬಿನ್ ಕಡೆ ಹಾಕಿದರೆ ನಿದ್ದೆ ಸುಖ, ಬಾಡಿಗೆ ಬಿದ್ದ ನೀರೂ ಹಿಂದಕ್ಕೆ ಹರಿದುಹೋಗುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಟೆಂಟಿನ ಹಗ್ಗವನ್ನು ಸೋಲಾರ್ ಬೇಲಿಯ ಕಂಬಕ್ಕೆ ಕಟ್ಟುವ ಸೋಮಾರಿತನ ಬೇಡ. ಒದ್ದೆ ಹಗ್ಗ, ತಗಡಿನ ಗಾಡಿ, ಮುಂದಿನದು ಹೇಳಬೇಕಿಲ್ಲ. ಚಳಿಗೆ ಕೆಂಡದ ಅಗ್ಗಿಷ್ಟಿಕೆಯನ್ನು ಒಳಗಿಡುವುದಾಗಲಿ, ಟೆಂಟ್ ಕಟ್ಟಿಕೊಂಡು ಎಂಜಿನ್ ಓಡಿಸುವುದಾಗಲಿ ಸಾವಿಗೆ ದಾರಿ, ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ. ಕಾಫಿ ಹೂ ಅರಳಿಸುವ ಹೂಮಳೆಯ ತಿಂಗಳುಗಳಲ್ಲಿ ಗುಡುಗು ಶುರುವಾದರೆ ಟೆಂಟ್ ಬಿಟ್ಟು ಕ್ಯಾಬಿನ್ನಿಗೆ ಬಂದು ಗಾಜು ಏರಿಸಿ ಕೂತುಬಿಡಿ. ಸಿಡಿಲಿಗೆ ಮುಚ್ಚಿದ ಲೋಹದ ಕ್ಯಾಬಿನ್ ಆಸರೆ ಕೊಡುತ್ತದೆ, ಟೆಂಟ್ ಕೊಡದು.

ಆನೆಯ ವಿಷಯದಲ್ಲಿ ಟೆಂಟಿನ ಗುಣಮಟ್ಟಕ್ಕೆ ಯಾವ ಬೆಲೆಯೂ ಇಲ್ಲ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ತಾಲ್ಲೂಕುಗಳ ತೋಟಗಳಲ್ಲಿ ಆನೆ ಹಗಲೂ ಇರುತ್ತವೆ. ಹೊರಡುವ ದಿನ ತೋಟದ ರೈಟರನ್ನೋ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರನ್ನೋ ಕೇಳಿ. ಹಿಂಡು ಹತ್ತಿರದಲ್ಲಿದೆ ಅಂದರೆ ಟೆಂಟ್ ಬಿಚ್ಚದೆ ಮನೆಯಲ್ಲೇ ಮಲಗಿ. ಇಲ್ಲ ಅಂದರೂ ಹಲಸು, ಬಾಳೆ, ಬೆಲ್ಲ, ಉಪ್ಪು, ಕಳ್ಳಭಟ್ಟಿ ಯಾವುದರ ವಾಸನೆಯೂ ಗಾಡಿಯಲ್ಲಿ ಇರಬಾರದು.

ಇಂಬಳಕ್ಕೆ ಟಯರಿನ ಸುತ್ತ ಉಪ್ಪು ಸುರಿಯುವವರಿದ್ದಾರೆ. ಇಂಬಳಕ್ಕಿಂತ ಮೊದಲು ಗಾಡಿಗೆ ತುಕ್ಕು ಬರುತ್ತದೆ. ಹೊಗೆಸೊಪ್ಪು ನೆನೆಸಿದ ನೀರಿನಲ್ಲಿ ಬಟ್ಟೆ ಅದ್ದಿ, ನೆಲಕ್ಕೆ ಇಳಿಯುವ ಪ್ರತಿ ಹಗ್ಗಕ್ಕೂ ಒಂದೊಂದು ಗಂಟು ಕಟ್ಟಿ; ಪಟ್ಟಿಗಳ ಉಳಿದ ತುದಿ ಹುಲ್ಲಿಗೆ ತಾಗದಂತೆ ಸುತ್ತಿಡಿ. ಒಣ ತಿಂಗಳುಗಳಲ್ಲಿ ಇಂಬಳದ ಪಾಳಿ ಮುಗಿದು ಉಣುಗಿನ ಪಾಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಚಿಕ್ಕಮಗಳೂರಿನ ಕೊಪ್ಪ, ಎನ್.ಆರ್. ಪುರದ ಕಡೆಯೂ ಇದೆ, ಡಿಸೆಂಬರಿನಿಂದ ಮೇವರೆಗೆ ಎಚ್ಚರ ಬೇಕು. ತರಗೆಲೆ ಗುಡಿಸಿದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹತ್ತುವ ಮೊದಲು ಪ್ಯಾಂಟು ಕೊಡವಿ, ಬೂಟನ್ನು ಹೊರಗೆ ಚೀಲದಲ್ಲಿ ಕಟ್ಟಿ ತೂಗುಹಾಕಿ. ಮಂಗ ಸತ್ತ ಸುದ್ದಿಯಿದ್ದ ಕಡೆ ಹೋಗಬೇಡಿ.

ಒದ್ದೆ ಟೆಂಟನ್ನು ಮಡಚಿ ತರುವುದು ಇಲ್ಲಿ ತಪ್ಪಿದ್ದಲ್ಲ, ಆದರೆ ಮನೆಗೆ ಬಂದ ದಿನವೇ ಬಿಚ್ಚಿ ನೆರಳಿನಲ್ಲಿ ಹರಡಬೇಕು. ತೇವ ಉಳಿದ ಪಿಯು ಲೇಪ ದಿನಗಳೆದಂತೆ ಅಂಟಂಟಾಗಿ, ಹುಳಿ ವಾಸನೆ ಬಂದು, ಪೊರೆ ಬಿಡುತ್ತದೆ, ಅದಕ್ಕೆ ಮದ್ದಿಲ್ಲ. ಸೋಪಿನ ಪುಡಿ, ಬ್ರಷ್ ಬೇಡ, ಬರೀ ನೀರು, ಸ್ಪಂಜು. ಜಿಪ್ಪಿಗೆ ಮೇಣದ ಬತ್ತಿ ಉಜ್ಜಿ. ಮಳೆಗಾಲದ ನಾಲ್ಕು ತಿಂಗಳು ಅದರ ಚೀಲಕ್ಕೆ ಬಿಗಿಯಾಗಿ ತುರುಕದೆ ಹಳೆ ಪಂಚೆಯಲ್ಲಿ ಸಡಿಲವಾಗಿ ಕಟ್ಟಿ, ಅಟ್ಟದಲ್ಲಿ ಇಲಿ ಓಡಾಡುವ ತೊಲೆಯಿಂದ ದೂರ, ತಂತಿಗೆ ತೂಗುಹಾಕಿ.